ಮುಚ್ಚಿದ ಮಳೆ

ಅಕ್ಕನ ಹೊಸ ಮನೆಯಲ್ಲಿ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಸೋಫಾದ ಮೇಲಿಟ್ಟರೆ ಬಟ್ಟೆಗೆ ಕಲ್ಲಿನ ಪುಡಿ ಹತ್ತೀತು, ಜೇಬಿಗೆ ತುರುಕಿಕೊಂಡರೆ ಚಳಿಯಾಗುತ್ತಿದೆಯಾ ಪಾಪು ಎಂದು ಅಕ್ಕ ಕೇಳಿಯಾಳು, ಹಿಂದೆ ಕಟ್ಟಿಕೊಂಡರೆ ಮೇಷ್ಟರ ಮುಂದೆ ನಿಂತವನಂತೆ ಕಾಣುತ್ತದೆ. ನಲವತ್ತು ದಾಟಿದವನನ್ನು ಪಾಪು ಎಂದು ಕರೆಯುವ ಹಕ್ಕು ಅಕ್ಕನಿಗಿದೆಯೆಂದು ಅವನು ಎಂದೋ ಒಪ್ಪಿಕೊಂಡಿದ್ದ. ಆದರೆ ಕಲ್ಲು ಕೂರಿಸಲು ಬರುವ ಮೇಸ್ತ್ರಿಯ ಎದುರಿಗೂ ಹಾಗೇ ಕರೆದಾಳೆಂಬ ಯೋಚನೆಗೆ ಬೆಳಿಗ್ಗೆಯೇ ಕಿವಿ ಬಿಸಿಯಾಗಿತ್ತು. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಅಕ್ಕ ಒಳಗೆ ಸಂಜೆ ಬರುವವರಿಗಾಗಿ ಹೊಸ ಗ್ಲಾಸುಗಳನ್ನು ಒರೆಸುತ್ತಿದ್ದ ಸದ್ದು ಕೇಳುತ್ತಿತ್ತು, ಭಾವ ಸ್ನಾನಕ್ಕೆ ಹೋಗಿದ್ದರು. ಕಿಟಕಿಯ ಪಕ್ಕದ ಗೋಡೆಗೆ ಅವನ ಚಪ್ಪಡಿ ಒರಗಿ ನಿಂತಿತ್ತು, ಅದರ ಎದುರಿಗೆ ಹೋದಾಗ ಮಾತ್ರ ಕೈಗಳು ತಮ್ಮಷ್ಟಕ್ಕೆ ತಾವು ಸರಿಹೋದವು. ತೆಳು ಹಳದಿ ಕಲ್ಲು, ಬಾಗಿಲಿನಷ್ಟು ಅಗಲ, ನೆಲದ ಮೇಲೆ ನಿಲ್ಲಿಸಿದರೆ ಅವನ ಎದೆಯವರೆಗೆ ಬರುತ್ತದೆ. ನಡುವೆ ಒಂದು ಕಂದು ಮೀನು, ಮುಳ್ಳು ಮುಳ್ಳೂ ಎಣಿಸುವಂತೆ. ಮನುಷ್ಯನೆಂಬುವನ ಸುಳಿವೇ ಇಲ್ಲದಿದ್ದ ಕಾಲದಲ್ಲಿ ಈಜಿ, ಸತ್ತು, ಕೆಸರಿನಲ್ಲಿ ಹೂತು ಕಲ್ಲಾದ ಮೀನು. ಇನ್ನು ಮುಂದೆ ಸೋಫಾದ ಎದುರಿಗೆ, ಟೀವಿಯ ಪಕ್ಕದಲ್ಲಿ ಅದರ ಸಂಸಾರ.

ಅವನು ದುಡಿಯುವ ವರ್ಕ್‌ಶಾಪಿನಲ್ಲಿ ಮಾಡುವುದೇ ಇದು. ಕಲ್ಲಾಗಿ ಉಳಿದ ಹಳೆಯ ಜೀವಗಳನ್ನು ಮನೆಯ ಅಲಂಕಾರಕ್ಕೆ ಒಪ್ಪ ಮಾಡಿ ಕೊಡುವುದು. ಸುರುಳಿ ಚಿಪ್ಪನ್ನು ಎರಡಾಗಿ ಕೊಯ್ದು ಪುಸ್ತಕಗಳ ಆಚೆ ಈಚೆ ಆನಿಸುವಂತೆ ಮಾಡುತ್ತಾರೆ, ಕಲ್ಲಾದ ಮರದ ಬಿಲ್ಲೆಯಿಂದ ಟೀಪಾಯಿ ಮಾಡುತ್ತಾರೆ, ಮೀನಿರುವ ಚಪ್ಪಡಿಯಾದರೆ ಗೋಡೆಗೆ. ಅಲ್ಲಿ ಅವನ ಪಾಲಿಗೆ ಬಂದದ್ದು ತೂತು ಮುಚ್ಚುವ ಕೆಲಸ. ನೆಲದೊಳಗಿಂದ ಬಂದ ಕಲ್ಲಿನಲ್ಲಿ ಗುಳಿ, ಬಿರುಕು, ಗೀರು ಇದ್ದೇ ಇರುತ್ತವೆ. ಗುಳಿಯಲ್ಲಿ ಧೂಳು ಕೂತರೆ ಕೊಂಡವರು ಫೋನ್ ಮಾಡಿ ಗೊಣಗುತ್ತಾರೆ. ಆದ್ದರಿಂದ ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಸಣ್ಣ ಕರಣೆಯಿಂದ ಒಂದೊಂದನ್ನೂ ತುಂಬಿ, ಒಣಗಿದ ಮೇಲೆ ಮೆಷಿನ್ ಹೊಡೆದು, ಎಲ್ಲಿ ಕಲ್ಲು ಎಲ್ಲಿ ತುಂಬಿದ್ದು ಎಂದು ದೇವರಿಗೂ ಗೊತ್ತಾಗದಂತೆ ಮಾಡಬೇಕು. ಮೀನಿಗೆ ಬಾಲದ ತುದಿ ಇಲ್ಲದಿದ್ದರೆ ಬಣ್ಣದಲ್ಲಿ ಬರೆದು ಕೂಡಿಸುವುದೂ ಅವನೇ. ಆ ಕಸುಬಿನಲ್ಲಿ ಎಲ್ಲರೂ ಕೂಡಿಸುತ್ತಾರೆ, ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಈ ಮೀನಿನ ಬಾಲದಲ್ಲೂ ಅರ್ಧ ಅವನದೇ. ಭಾವ ಅವನನ್ನು ಮೀನಿನ ಡಾಕ್ಟ್ರು ಎನ್ನುತ್ತಿದ್ದರು, ನಾಲ್ಕು ಜನ ಸೇರಿದ ಕಡೆಯಲ್ಲೇ ಎನ್ನುತ್ತಿದ್ದರು. ಅವನೂ ಎಲ್ಲರ ಜೊತೆ ನಗುತ್ತಿದ್ದ. ಅಕ್ಕ ಮಾತ್ರ ನೆಂಟರಿಷ್ಟರಿಗೆ ತಮ್ಮ ಆರ್ಟ್ ಲೈನಿನಲ್ಲಿದ್ದಾನೆ ಎಂದು ಹೇಳುತ್ತ ಬಂದಿದ್ದಳು. ಅವನು ಅರ್ಧಕ್ಕೆ ಬಿಟ್ಟ ಓದು, ಬಿಟ್ಟ ನೌಕರಿ, ಮುರಿದುಕೊಂಡ ಸಂಬಂಧ ಎಲ್ಲವನ್ನೂ ಅವಳು ಇನ್ನೊಬ್ಬರ ಕಣ್ಣಿಗೆ ಬೀಳದಂತೆ ನಯವಾಗಿ ಮುಚ್ಚಿಕೊಂಡು ಬಂದವಳು. ತೂತು ಮುಚ್ಚುವುದು ಮನೆತನದ ಕಸುಬೇ ಇರಬೇಕು ಎಂದು ಅವನು ಒಮ್ಮೊಮ್ಮೆ ತನ್ನೊಳಗೇ ನಗುತ್ತಿದ್ದ.

ಈ ಚಪ್ಪಡಿಯನ್ನು ಅಕ್ಕ ವರ್ಕ್‌ಶಾಪಿನ ಸಾಹುಕಾರರಿಗೆ ಹೇಳದೆ ನೇರವಾಗಿ ಅವನಿಗೇ ಒಪ್ಪಿಸಿದ್ದಳು. ಅವನು ತನ್ನ ಹೆಸರಿನಲ್ಲಿ ಮಾಡಿದ ಮೊದಲ ಕೆಲಸ. ಸಂಜೆ ಮನೆ ನೋಡಲು ಬರುವವರಲ್ಲಿ ಅಕ್ಕನ ಗೆಳತಿ ಹಲ್ಲಿನ ಡಾಕ್ಟರೂ ಇದ್ದರು, ಅವರಿಗೆ ತಮ್ಮ ಕ್ಲಿನಿಕ್ಕಿನ ಗೋಡೆಗೂ ಇಂಥದೇ ಒಂದು ಬೇಕಾಗಿತ್ತು. ಇದನ್ನು ನೋಡಿ ಮೆಚ್ಚಿದರೆ ಅದು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಹುಕಾರರಿಗೆ ನಮಸ್ಕಾರ ಹೇಳಿ ಸ್ವಂತದ್ದು ಶುರು ಮಾಡಬಹುದು. ಇಬ್ಬರೂ ಗುಳಿ ತುಂಬುವವರೇ, ಚೆನ್ನಾಗಿ ಹೊಂದಿಕೊಳ್ಳುತ್ತೆ ಬಿಡಿ ಎಂದು ಭಾವ ಅದಕ್ಕೂ ಒಂದು ನಗೆ ಸೇರಿಸಿದ್ದರು. ಕಲ್ಲು ಬಂದ ದಿನ ಅಕ್ಕ ವರ್ಕ್‌ಶಾಪಿಗೆ ಬಂದು, ಮೂಗಿಗೆ ಕರ್ಚೀಫ್ ಹಿಡಿದುಕೊಂಡೇ ಅದರ ಮೇಲೆ ಅಂಗೈ ಸವರಿದ್ದಳು. ಕಲ್ಲಿನ ತುಂಬ ಅಕ್ಕಿಕಾಳು ಹಿಡಿಸುವಷ್ಟು, ಕಡಲೆಕಾಳು ಹಿಡಿಸುವಷ್ಟು ಗುಳಿಗಳು. ಕೈಗೆ ಏನೂ ತಾಗಬಾರದು ಪಾಪು, ಕನ್ನಡಿ ಹಾಗಿರಬೇಕು ಎಂದಿದ್ದಳು. ಇಂಥ ಗುಳಿಗಳಿರುವ ಕಲ್ಲು ಅವನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ. ದಿನದ ಕೆಲಸ ಮುಗಿದ ಮೇಲೆ ರೇಡಿಯೋ ಹಚ್ಚಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ಬೆನ್ನು ಬಗ್ಗಿಸಿ ಕೂತು ತುಂಬಿದ್ದ, ತುಂಬಿದ್ದ. ಬೇಸಿಗೆಯೇ ಅದರಲ್ಲಿ ಕಳೆದುಹೋಯಿತು. ಕೊನೆಗೆ ಮೆಷಿನ್ ಹೊಡೆದು ನೀರು ಸುರಿದಾಗ ಕಲ್ಲಿನಲ್ಲಿ ತನ್ನ ಮುಖ ಕಂಡಿತು. ಅಷ್ಟು ಚೆನ್ನಾಗಿ ತಾನು ಯಾವ ಕೆಲಸವನ್ನೂ ಮಾಡಿರಲಿಲ್ಲವೆಂದು ಅವನಿಗೆ ಆಗ ಅನ್ನಿಸಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.

ಬಾಗಿಲ ಹತ್ತಿರ ಬಟ್ಟೆಯಿತ್ತು, ತಂದು ಮೇಲಿಂದ ಕೆಳಗೆ ಒರೆಸುತ್ತ ಬಂದ. ಕೆಳಗಿನ ಗೇಣುದ್ದದ ಪಟ್ಟಿಗೆ ಅವನು ಕೈ ಹಾಕಿರಲಿಲ್ಲ. ಚಪ್ಪಡಿಯ ಭಾರ ಹೊರಲು ಗೋಡೆಯಲ್ಲಿ ಕಬ್ಬಿಣದ ತೊಟ್ಟಿಲು ಕೂರಿಸಿದ್ದರು, ಆ ಪಟ್ಟಿ ಅದರೊಳಗೆ ಇಳಿದು ಗಮ್ಮಿನಲ್ಲಿ ಹೂತುಹೋಗುವಂಥದು. ಕಾಣದ ಜಾಗಕ್ಕೆ ಪುಡಿಯೂ ಬೇಡ ಮೆಷಿನ್ನೂ ಬೇಡ ಎಂಬುದು ವರ್ಕ್‌ಶಾಪಿನ ಕಟ್ಟಳೆ, ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಿಟ್ಟುಬಿಡುತ್ತಾರೆ. ಧೂಳು ಹೋಗಲೆಂದು ಅದನ್ನೂ ಒರೆಸಲು ಕುಕ್ಕರಗಾಲಿನಲ್ಲಿ ಕೂತ. ಕಿಟಕಿಗಳಿಗೆ ಇನ್ನೂ ಪರದೆ ಹಾಕಿರಲಿಲ್ಲ. ಬೆಳಗಿನ ಬಿಸಿಲು ನೆಲದ ಮಟ್ಟದಲ್ಲೇ ತೂರಿ ಬಂದು ಚಪ್ಪಡಿಯ ಮೈಯನ್ನು ಪಕ್ಕದಿಂದ ಸವರಿಕೊಂಡು ಹೋಗುತ್ತಿತ್ತು. ಬಟ್ಟೆ ಹಿಡಿದ ಕೈ ಅರ್ಧಕ್ಕೇ ನಿಂತಿತು. ಗುಳಿಗಳು ಬೇರೆಯಾಗಿದ್ದವು. ಟ್ಯೂಬ್‌ಲೈಟು ತಲೆಯ ಮೇಲಿಂದ ಬೀಳುತ್ತದೆ, ಅದರ ಕೆಳಗೆ ಗುಳಿಯೆಂದರೆ ಒಂದು ಕಪ್ಪು ಚುಕ್ಕೆ ಅಷ್ಟೆ. ಈಗ ಒಂದೊಂದು ಗುಳಿಗೂ ಅರ್ಧ ನೆರಳು, ಅರ್ಧ ಬೆಳಕು, ಸುತ್ತ ಕೂದಲೆಳೆಯಷ್ಟು ಏರಿದ ಅಂಚು. ಅಂಚು ಒಂದು ಕಡೆ ಹೆಚ್ಚು ಎತ್ತರ, ಇನ್ನೊಂದು ಕಡೆ ಕಮ್ಮಿ. ಪಕ್ಕದ ಗುಳಿ ನೋಡಿದ, ಅದಕ್ಕೂ ಹಾಗೇ. ಅದರ ಪಕ್ಕದ್ದಕ್ಕೂ. ದೊಡ್ಡದಾಗಲಿ ಚಿಕ್ಕದಾಗಲಿ, ಎಲ್ಲ ಗುಳಿಗಳ ಅಂಚೂ ಒಂದೇ ದಿಕ್ಕಿಗೆ ಏರಿತ್ತು. ಎರಡು ಗುಳಿ ಒಂದರ ಮೇಲೊಂದು ಬಂದ ಕಡೆ ಆಮೇಲಿನದು ಮುಂಚಿನದರ ಅಂಚನ್ನು ಮುರಿದಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಸ್ಪಷ್ಟವಾಗಿ ಹೇಳಬಹುದಾಗಿತ್ತು.

ಅವನಿಗೆ ಆಗ ನಾಲ್ಕೋ ಐದೋ ವರ್ಷ. ಬಸ್ಸು ಬರುವ ಹೊತ್ತು ಮೀರಿತ್ತು. ಬಯಲಿನ ಧೂಳು ಹಿಟ್ಟಿನಷ್ಟು ನುಣುಪು, ಕಾಲಿಟ್ಟರೆ ಬೆರಳುಗಳ ನಡುವಿನಿಂದ ಉಕ್ಕುತ್ತಿತ್ತು. ಅಕ್ಕನ ಕಂಕುಳಲ್ಲಿ ಆಸ್ಪತ್ರೆಗೆ ಒಯ್ಯಬೇಕಾದ ಅಮ್ಮನ ಬಟ್ಟೆಯ ಗಂಟು. ಅವನು ಅಮ್ಮ ಬೇಕೆಂದು ಅಳುತ್ತಿದ್ದ, ಅಕ್ಕ ಬೈಯಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಮೊದಲ ಹನಿ ಅವಳ ಪಾದದ ಹತ್ತಿರ ಬಿತ್ತು. ಟಪ್ ಎಂದು ಧೂಳಿನಲ್ಲಿ ಒಂದು ಬಟ್ಟಲು. ಬಟ್ಟಲಿಗೆ ಅಂಚು. ಎರಡನೆಯದು ದೂರದಲ್ಲಿ. ಅಳಬೇಡ, ಹನಿ ಎಲ್ಲೆಲ್ಲಿ ಬೀಳುತ್ತೆ ನೋಡ್ತಿರು ಎಂದಳು ಅಕ್ಕ, ಅವನು ಅಳುವುದನ್ನು ಮರೆತು ನೋಡಿದ. ಆಮೇಲೆ ಗಾಳಿ ಬಂತು. ಹನಿಗಳು ಓರೆಯಾಗಿ ಬಿದ್ದವು, ಬಟ್ಟಲುಗಳು ಒಂದು ಮಗ್ಗುಲಿಗೆ ವಾಲಿದವು, ಗಾಳಿ ಹೋದ ಕಡೆಗೆ ಅಂಚು ಏರಿತು. ಇಡೀ ಬಯಲು ಕ್ಷಣದಲ್ಲಿ ಗುಳಿ ಗುಳಿಯಾಯಿತು. ಅಷ್ಟರಲ್ಲಿ ಮಳೆ ಧೋ ಎಂದು ಸುರಿದು ಎಲ್ಲವನ್ನೂ ಕಲಸಿ ಕೆಸರು ಮಾಡಿಬಿಟ್ಟಿತು.

ಮಳೆ, ಎಂದು ಅವನ ಬಾಯಿಂದ ತಾನಾಗಿ ಬಂತು. ಒಳಗೆ ಗ್ಲಾಸಿನ ಸದ್ದು ನಡೆದೇ ಇತ್ತು. ಅವನೆದುರಿಗೆ ಇದ್ದದ್ದು ಮಳೆಯ ಚಿತ್ರವಲ್ಲ, ಮಳೆಯೇ. ಯಾವುದೋ ಒಂದು ದಿನ, ದಿನಗಳಿಗೆ ಹೆಸರಿಡುವವರು ಯಾರೂ ಇರದಿದ್ದ ಕಾಲದ ಒಂದು ಸಾಧಾರಣ ದಿನ, ಯಾವುದೋ ಬತ್ತುತ್ತಿದ್ದ ಕೆರೆಯ ದಂಡೆಯಲ್ಲಿ, ಇದೇ ಬಿಸಿಲಿನಲ್ಲಿ, ಒಂದು ಮೋಡ ಹಾದುಹೋಗಿತ್ತು. ಜೋರಾಗಿ ಬಂದಿರಲಿಲ್ಲ, ಬಂದಿದ್ದರೆ ತನ್ನ ಗುರುತನ್ನು ತಾನೇ ಅಳಿಸಿಕೊಂಡುಬಿಡುತ್ತಿತ್ತು. ನಾಲ್ಕು ಹನಿ ಉದುರಿಸಿ, ಮನಸ್ಸು ಬದಲಾಯಿಸಿದಂತೆ ಹೊರಟುಹೋಗಿತ್ತು. ಕೆಸರು ಒಣಗಿ ಗಟ್ಟಿಯಾಯಿತು, ಗಾಳಿ ಧೂಳು ತಂದು ಮೆಲ್ಲಗೆ ಮುಚ್ಚಿತು, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಬೆಟ್ಟಗಳು. ಬೆಟ್ಟಗಳೇ ಸವೆದುಹೋದವು, ಈ ಹನಿಗಳು ಸವೆಯಲಿಲ್ಲ. ದಂಡೆಯ ಮೇಲೆ ಬಿದ್ದಿದ್ದ ಆ ಮೀನಿನ ಮೇಲೂ ಮಳೆ ಬಿದ್ದಿರಬೇಕು, ಅದು ಸತ್ತ ಮೇಲೆ ಬಂತೋ, ಬಾಯಿ ಬಿಡುತ್ತಿರುವಾಗಲೇ ಬಂತೋ. ಅವನು ಉಗುರಿನ ತುದಿಯಿಂದ ಒಂದು ಅಂಚನ್ನು ಮುಟ್ಟಿದ. ಮುಟ್ಟಿದ ಕೂಡಲೇ, ಮುಟ್ಟಬಾರದಾಗಿತ್ತೇನೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡ. ಇಷ್ಟು ಹಗುರವಾದದ್ದು ಇಷ್ಟು ಕಾಲ ಉಳಿಯುವುದಾದರೆ ಲೋಕದಲ್ಲಿ ಯಾವುದೂ ಕಳೆದುಹೋಗಿಲ್ಲವೇನೋ ಎಂದು ಅನ್ನಿಸಿತು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಸೀಮೆಸುಣ್ಣದ ಗೆರೆಯಿಂದಾಚೆ, ಮೀನಿನ ಸುತ್ತ, ನಾಲ್ಕೂ ಅಂಚಿನವರೆಗೆ ಕನ್ನಡಿಯಂಥ ನುಣುಪು. ಅಲ್ಲೆಲ್ಲ ಇದೇ ಇತ್ತು. ಒಂದೊಂದು ಹನಿಯನ್ನೂ ಅವನೇ, ತನ್ನ ಕೈಯಾರೆ, ರೇಡಿಯೋದ ಜೊತೆ ಗುನುಗುತ್ತ ಮುಚ್ಚಿದ್ದ. ಪುಡಿಯನ್ನೇನೋ ಸೂಜಿಯಿಂದ ಕೆದಕಿ ತೆಗೆಯಬಹುದು. ಆದರೆ ಏರಿದ ಅಂಚುಗಳನ್ನೆಲ್ಲ ಮೆಷಿನ್ ತಿಂದುಹಾಕಿತ್ತು, ಕೆದಕಿದರೆ ಬರುವುದು ಬರೀ ತೂತು. ಅವನು ನೆಲದ ಮೇಲೆ ಕುಸಿದು ಕೂತ. ಬೆನ್ನಿನ ಮೇಲೆ ಬಿಸಿಲು ಬೀಳುತ್ತಿತ್ತು.

ಮೇಸ್ತ್ರಿ ಬಂದಾಗ ಬಿಸಿಲು ಕಿಟಕಿಯಿಂದ ಸರಿದುಹೋಗಿತ್ತು. ಗುಳಿಗಳು ಮತ್ತೆ ಬರೀ ಗುಳಿಗಳಾಗಿದ್ದವು. ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಗೋಡೆಯ ಗೂಡನ್ನು ಅಳೆದು, ತೊಟ್ಟಿಲನ್ನು ಅಲುಗಾಡಿಸಿ ನೋಡಿ, ಬಕೆಟ್ಟಿನಲ್ಲಿ ಗಮ್ಮು ಕಲಸಲು ಕೂತ. ಕಲಸಿದ ಮೇಲೆ ಅದು ಯಾರಿಗಾಗಿಯೂ ಕಾಯುವುದಿಲ್ಲ, ಒಮ್ಮೆ ಹಿಡಿಯಿತೆಂದರೆ ಕಲ್ಲು ಒಡೆದೀತೇ ಹೊರತು ಬಿಡುವುದಿಲ್ಲ. ಅವನು ಸುಮ್ಮನೆ ಪಕ್ಕದಲ್ಲಿ ನಿಂತು ಟೇಪಿನ ತುದಿ ಹಿಡಿದುಕೊಟ್ಟ. ಸುಮ್ಮನಿರುವುದು ಎಷ್ಟು ಸುಲಭವೆಂದು ಅವನಿಗೇ ಆಶ್ಚರ್ಯವಾಯಿತು. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಪಟ್ಟಿ ತೊಟ್ಟಿಲೊಳಗೆ ಇಳಿಯುತ್ತದೆ, ತಾನು ಮಾಡಿದ್ದಕ್ಕೆ ಸಾಕ್ಷಿಯೂ ಅದರ ಜೊತೆ ಇಳಿಯುತ್ತದೆ. ಸಂಜೆ ಹಲ್ಲಿನ ಡಾಕ್ಟರು ಅಂಗೈ ಸವರಿ ಮೆಚ್ಚುತ್ತಾರೆ, ಅಕ್ಕ ಮೊದಲ ಸಲ ಏನನ್ನೂ ಮುಚ್ಚಿಡದೆ ಇದು ನನ್ನ ತಮ್ಮ ಮಾಡಿದ್ದು ಎನ್ನುತ್ತಾಳೆ. ಆ ಒಂದು ಮಾತಿಗಾಗಿ ಅವನು ಬೇಸಿಗೆಯಿಡೀ ಬೆನ್ನು ಬಗ್ಗಿಸಿದ್ದ. ಹೇಳಿದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಅಕ್ಕನ ಮುಖದಲ್ಲಿ ಹಳೆಯ ಸಹನೆ ಬರುತ್ತದೆ, ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡಿದೆ ಎನ್ನುವಂಥ ಸಹನೆ. ಭಾವ ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿಸಿ ಬಂದು, ಪೇಷಂಟ್ ಹೇಗಿದಾರೆ ಡಾಕ್ಟ್ರೇ ಎಂದರು. ಅವನು ನಕ್ಕ. ಮೇಸ್ತ್ರಿ ಕರಣೆಯ ತುಂಬ ಗಮ್ಮು ತೆಗೆದುಕೊಂಡು ಚಪ್ಪಡಿಯ ಕೆಳಪಟ್ಟಿಯ ಕಡೆಗೆ ಬಗ್ಗಿದ. ನಗು ಇನ್ನೂ ಅವನ ಮುಖದಲ್ಲಿರುವಾಗಲೇ, ತಾನು ನಿರ್ಧರಿಸಿದ್ದೇನೆಂದು ತಿಳಿಯುವ ಮುಂಚೆಯೇ, ಅವನ ಅಂಗೈ ಕರಣೆಗೂ ಕಲ್ಲಿಗೂ ನಡುವೆ ಹೋಗಿತ್ತು. ಗಮ್ಮೆಲ್ಲ ಕೈಗೆ ಮೆತ್ತಿಕೊಂಡಿತು. ಮೇಸ್ತ್ರಿ ಬೆಪ್ಪಾಗಿ ನೋಡಿದ.

ಭಾವ ಕೂಗಿದ್ದಕ್ಕೆ ಅಕ್ಕ ಒರೆಸುವ ಬಟ್ಟೆಯನ್ನು ಹಿಡಿದೇ ಬಂದಳು. ಕಲ್ಲು ಬಿರುಕು ಬಿಟ್ಟಿತೇ ಎಂದಳು, ಇಲ್ಲವೆಂದ. ಕೈ ಸುಟ್ಟಿತೇ, ಅದೂ ಇಲ್ಲ. ಮತ್ತೇನೋ ಪಾಪು ಎಂದಳು, ಮೇಸ್ತ್ರಿಯ ಎದುರಿಗೇ. ಅವನ ಕಿವಿ ಬಿಸಿಯಾಗಲಿಲ್ಲ.

“ನಾನು ಮಳೇನ ಮುಚ್ಚಿಬಿಟ್ಟಿದೀನಿ ಅಕ್ಕ. ಇದೆಲ್ಲ ಮಳೆ ಹನಿ ಬಿದ್ದಿರೋ ಗುರುತು. ಆ ಮೀನಿನ ಕಾಲದ್ದು. ನಾನು ತೂತು ಅಂದ್ಕೊಂಡು ತುಂಬಿಬಿಟ್ಟೆ. ಇಡೀ ಕಲ್ಲಿನ ಮೇಲಿತ್ತು, ಈಗ ಇದೊಂದು ಪಟ್ಟೀಲಿ ಮಾತ್ರ ಉಳ್ಕೊಂಡಿದೆ.”

ಮೀನಾಯಿತು, ಈಗ ಮಳೆ, ಇನ್ನು ಸ್ವಲ್ಪ ಹೊತ್ತಿಗೆ ನಿನ್ನ ತಮ್ಮನಿಗೆ ಗುಡುಗೂ ಕೇಳಿಸುತ್ತೆ ಎಂದರು ಭಾವ. ಅಕ್ಕ ಅವರ ಕಡೆ ನೋಡಲಿಲ್ಲ. ಹೊಸ ಮನೆಯ ನೆಲದ ಮೇಲೆ ತಮ್ಮನ ಕೈಯಿಂದ ತೊಟ್ಟಿಕ್ಕುತ್ತಿದ್ದ ಗಮ್ಮನ್ನು ನೋಡಿ, ಬಗ್ಗಿ ಒರೆಸಿ, ಆಮೇಲೆ ಅವನ ಕೈಯನ್ನೂ ಹಿಡಿದುಕೊಂಡು ಬೆರಳು ಬೆರಳನ್ನೇ ಒರೆಸತೊಡಗಿದಳು.

“ನೀನು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?”

“ಇಲ್ಲ.”

“ಬೇರೆ ಯಾರಿಗಾದ್ರೂ?”

“ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಮತ್ತೆ ಯಾಕೆ ಹೇಳ್ದೆ?”

ಉತ್ತರವಿದ್ದದ್ದು ಬೆಳಗಿನ ಬಿಸಿಲಿನಲ್ಲಿ, ಅದು ಹೋಗಿಬಿಟ್ಟಿತ್ತು. ಅವನು ಕಿಟಕಿಯ ಗಾಜಿಗೆ ಮೇಸ್ತ್ರಿಯ ಗೋಣಿತಾಟು ಕಟ್ಟಿ, ಫೋನಿನ ಟಾರ್ಚ್ ಹಚ್ಚಿ, ಅದನ್ನು ಚಪ್ಪಡಿಯ ಪಕ್ಕಕ್ಕೆ ನೆಲದ ಮೇಲೆ ಮಲಗಿಸಿ, ಕೂತ್ಕೋ ಅಕ್ಕ ಎಂದ. ಮಂಡಿನೋವಿನವಳು, ವರ್ಷಗಳಿಂದ ನೆಲಕ್ಕೆ ಕೂತವಳಲ್ಲ. ಒಂದು ಕೈ ಗೋಡೆಗೆ, ಒಂದು ಕೈ ಅವನ ಹೆಗಲಿಗೆ ಕೊಟ್ಟು, ಅಯ್ಯಪ್ಪಾ ಎನ್ನುತ್ತ ಕೂತಳು. ಮೊದಲು ಕನ್ನಡಕ ಬೇಕೆಂದಳು. ಭಾವ ತಂದುಕೊಟ್ಟರು. ಅವನು ಅವಳ ಮುಖವನ್ನು ನೋಡುತ್ತಿದ್ದ. ಬರಬೇಕಾಗಿದ್ದ ಆ ಹಳೆಯ ಸಹನೆ ಅಲ್ಲಿ ಬರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಹಣೆಯ ಗೆರೆಗಳು ಎಲ್ಲಿಗೋ ಹೋಗಿದ್ದವು. ದಿನವಿಡೀ ಯಾವುದಾದರೂ ಒಂದನ್ನು ಸರಿಮಾಡುತ್ತಲೇ ಇರುವ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವಳು ಒಂದು ಬೆರಳೆತ್ತಿ, ಕಲ್ಲನ್ನು ಮುಟ್ಟದೆ, ಗುಳಿಗಳ ಮೇಲೆ ಗಾಳಿಯಲ್ಲೇ ಸರಿಸುತ್ತ ಹೋದಳು. ಗಾಳಿ ಆ ಕಡೆಯಿಂದ ಬಂದಿದೆ, ಎಂದಳು ಕೊನೆಗೆ. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಮೇಲಿರುವುದು ಏನು ಮಾಡಿದರೂ ವಾಪಸ್ ಬರುವುದಿಲ್ಲವಾ ಎಂದು ಕೇಳಿದಳು. ಬರುವುದಿಲ್ಲವೆಂದ. ಒಂದಾದರೂ? ಒಂದೂ ಇಲ್ಲ ಅಕ್ಕ. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ, ಪರವಾಗಿಲ್ಲ ಬಿಡು ಎಂದೂ ಅನ್ನಲಿಲ್ಲ. ಅಯ್ಯೋ ಎಂದಳು, ಅಷ್ಟೆ. ಯಾರೋ ಬೇಕಾದವರು ಹೋದ ಸುದ್ದಿ ಕೇಳಿದಾಗ ಅನ್ನುವ ಹಾಗೆ. ಆ ಅಯ್ಯೋದಲ್ಲಿ ಅವನೂ ಅವಳೂ ಒಂದೇ ಕಡೆ ಇದ್ದರು, ಕಳೆದುಹೋದದ್ದು ಆಚೆ ಕಡೆ ಇತ್ತು.

ಗಮ್ಮು ಗಟ್ಟಿಯಾಗಿ ಹೋಗುತ್ತದೆಂದು ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಈ ಪಟ್ಟಿ ಹೊರಗೆ ಕಾಣುವ ಹಾಗೆ ಕೂರಿಸಿ ಎಂದಳು ಅಕ್ಕ, ನೆಲದಿಂದಲೇ. ಆಗುವುದಿಲ್ಲ, ಭಾರ ಹೊರಲು ಕೆಳಗಿನ ಗೇಣು ತೊಟ್ಟಿಲೊಳಗೆ ಇರಲೇಬೇಕು ಎಂದ ಮೇಸ್ತ್ರಿ. ಹಾಗಾದರೆ ಕೆಳಗಿನದನ್ನು ಮೇಲೆ ಮಾಡಿ. ಮೇಸ್ತ್ರಿ ತಲೆ ಕೆರೆದುಕೊಂಡು, ಕೂರಿಸುವುದೇನೋ ಕೂರಿಸಬಹುದು, ಗೂಡು ಎರಡೂ ಕಡೆ ಒಂದೇ ಅಳತೆ, ಆದರೆ ಅಮ್ಮಾ ಮೀನು ತಲೆಕೆಳಗಾಗುತ್ತದಲ್ಲ ಎಂದ. ಭಾವನಿಗೆ ಇನ್ನು ತಡೆಯಲಾಗಲಿಲ್ಲ. ಮನೆಗೆ ಬಂದವರೆಲ್ಲ ನಗುತ್ತಾರೆ ಎಂದರು. ಇಷ್ಟೆಲ್ಲ ಮಾಡಿ ಸತ್ತ ಮೀನು ಹೊಟ್ಟೆ ಮೇಲೆ ಮಾಡಿ ತೇಲುವ ಹಾಗೆ ಕಾಣುತ್ತದಲ್ಲ ಎಂದರು.

“ಈಗೇನು ಅದು ಬದುಕಿದೆಯಾ?” ಎಂದಳು ಅಕ್ಕ.

ಮೇಸ್ತ್ರಿ ಮೊದಲು ನಕ್ಕ, ಆಮೇಲೆ ಭಾವ. ಅವನಿಗೆ ನಗು ಬರಲಿಲ್ಲ. ಅವನು ಅಕ್ಕನನ್ನು ಎಬ್ಬಿಸಲು ಕೈ ಕೊಟ್ಟ, ಅವಳು ಸ್ವಲ್ಪ ಇರೋ ಎಂದು ಮತ್ತೆ ಕಲ್ಲಿನ ಕಡೆ ಬಗ್ಗಿದಳು. ಮೂವರೂ ಸೇರಿ ಚಪ್ಪಡಿಯನ್ನು ತಿರುಗಿಸಿ ಎತ್ತುವಾಗ ಅವನು ಹೊಳಪಿನ ಅಂಚನ್ನು ತೊಟ್ಟಿಲಿನೊಳಕ್ಕೆ ತಾನೇ ಇಳಿಸಿದ. ತಾನು ಬರೆದ ಅರ್ಧ ಬಾಲ ಎಂದಿನಷ್ಟೇ ಚೆನ್ನಾಗಿತ್ತು, ಅದನ್ನು ಕಂಡು ಹೆಮ್ಮೆಯೂ ಆಯಿತು, ಹೇಸಿಗೆಯೂ ಆಯಿತು.

ಸಂಜೆ ಬಂದವರು ಮನೆಯನ್ನೆಲ್ಲ ನೋಡಿ, ಅಡುಗೆಮನೆಯ ಕಪಾಟುಗಳನ್ನು ತೆಗೆದು ಹಾಕಿ, ಕೊನೆಗೆ ಕೈಯಲ್ಲಿ ಗ್ಲಾಸು ಹಿಡಿದು ಹಾಲ್‌ನಲ್ಲಿ ಸೇರಿದರು. ಭಾವನ ಆಫೀಸಿನವರೊಬ್ಬರು ಮೀನನ್ನು ನೋಡಿ, ಒಮ್ಮೆ ಕತ್ತು ವಾಲಿಸಿ, ಇದೇನು ಉಲ್ಟಾ ಹಾಕಿಬಿಟ್ಟಿದಾರಲ್ರೀ ಎಂದು ನಕ್ಕರು. ಭಾವ ಏನೋ ಹೇಳಲು ಬಾಯಿ ತೆರೆದು, ಅಕ್ಕನ ಕಡೆ ನೋಡಿ, ಗ್ಲಾಸಿಗೆ ಬಾಯಿ ಇಟ್ಟರು. ಹಲ್ಲಿನ ಡಾಕ್ಟರು ಹತ್ತಿರ ಹೋಗಿ ನುಣುಪಿನ ಮೇಲೆ ಅಂಗೈ ಆಡಿಸಿ, ಎಂಥ ಫಿನಿಶಿಂಗ್ ಎಂದರು. ಅವನು ಬಾಗಿಲ ಮರೆಯಲ್ಲಿ ನಿಂತಿದ್ದ. ಅವರ ಕೈ ಮೇಲಕ್ಕೆ ಹೋಗಿ ಪಟ್ಟಿಗೆ ತಾಗಿ ನಿಂತಿತು. ಇಲ್ಲಿ ತುಂಬೋದು ಮರೆತುಹೋಗಿದೆ ಅನ್ಸುತ್ತೆ ಎಂದು ಮೆಲ್ಲಗೆ, ಯಾರಿಗೂ ಬೇಸರವಾಗದಂತೆ ಹೇಳಿದರು. ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಅವಳು ಈಗ ಏನನ್ನಾದರೂ ಹೇಳಿ ಸರಿಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಕೆಲಸ ಇನ್ನೂ ಬಾಕಿ ಇದೆ ಎಂದೋ, ಮೇಸ್ತ್ರಿಯ ತಪ್ಪು ಎಂದೋ, ಈಗ ಇದೇ ಫ್ಯಾಶನ್ ಎಂದೋ. ನಲವತ್ತು ವರ್ಷ ಹಾಗೇ ಮಾಡಿದವಳು. ಅವಳು ಗೋಡೆಯ ಹತ್ತಿರ ಹೋಗಿ, ಒಂದೊಂದಾಗಿ ಹಾಲ್‌ನ ದೀಪಗಳನ್ನೆಲ್ಲ ಆರಿಸಿದಳು.

ಕತ್ತಲಲ್ಲಿ ಯಾರೋ ಕರೆಂಟು ಹೋಯಿತೇ ಎಂದರು. ಅಕ್ಕ ಅವನ ತೋಳು ಹುಡುಕಿ ಹಿಡಿದು ಗೋಡೆಯ ಹತ್ತಿರ ಎಳೆದುಕೊಂಡು ಬಂದಳು. ಅವನು ಫೋನಿನ ಟಾರ್ಚನ್ನು ಹಚ್ಚಿ, ಕೈ ಎತ್ತಿ, ಬೆಳಕನ್ನು ಪಟ್ಟಿಯ ಪಕ್ಕದಿಂದ ಹರಿಸಿದ. ಹನಿಗಳು ಎದ್ದು ಬಂದವು. ಬೆಳಿಗ್ಗೆಗಿಂತ ಚೆನ್ನಾಗಿ, ಒಂದೊಂದೂ ತನ್ನ ಅಂಚು ಹೊತ್ತು, ಓರೆಯಾಗಿ, ಪಟ್ಟಿಯ ಉದ್ದಕ್ಕೂ. ಗ್ಲಾಸುಗಳ ಸದ್ದು ನಿಂತಿತು.

“ಇದು ಮಳೆ,” ಎಂದಳು ಅಕ್ಕ. ಹಾಲು ತಂದಿದೀನಿ ಎನ್ನುವಾಗಿನ ಧ್ವನಿಯಲ್ಲೇ ಹೇಳಿದಳು. “ಆ ಮೀನಿನ ಕಾಲದಲ್ಲಿ ಬಿದ್ದಿದ್ದು. ಕಲ್ಲಿನ ತುಂಬ ಇತ್ತು. ನನ್ನ ತಮ್ಮ ಗೊತ್ತಿಲ್ದೆ ಮುಚ್ಚಿಬಿಟ್ಟ. ಇಷ್ಟು ಉಳಿದಿದೆ ಅಂತ ಕಂಡವನೂ ಅವನೇ.”

ನಾಚಿಕೆ ಬಂತು, ಬರಬೇಕಾದಷ್ಟೂ ಬಂತು. ಆದರೆ ತಲೆ ತಗ್ಗಿಸಬೇಕೆಂದು ಅನ್ನಿಸಲಿಲ್ಲ, ತಗ್ಗಿಸಿದರೆ ಬೆಳಕು ಅಲುಗಾಡುತ್ತಿತ್ತು. ಯಾರೂ ಅವನ ಕಡೆ ನೋಡುತ್ತಿರಲೂ ಇಲ್ಲ. ಉಲ್ಟಾ ಎಂದು ನಕ್ಕವರು ಹಿಂದೆ ನಿಂತವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಎಷ್ಟು ಹೊತ್ತು ಬಂದಿರಬಹುದು ಈ ಮಳೆ ಎಂದು ಹಲ್ಲಿನ ಡಾಕ್ಟರು ಪಿಸುಮಾತಿನಲ್ಲಿ ಕೇಳಿದರು, ಯಾರನ್ನೋ ಎಬ್ಬಿಸಿಬಿಡುವ ಭಯವಿದ್ದವರಂತೆ. ಸ್ವಲ್ಪ ಹೊತ್ತು ಅಷ್ಟೆ, ಜೋರಾಗಿ ಬಂದಿದ್ದರೆ ಏನೂ ಉಳಿಯುತ್ತಿರಲಿಲ್ಲ ಎಂದ ಅವನು. ಎತ್ತಿ ಹಿಡಿದ ತೋಳು ನೋಯತೊಡಗಿತ್ತು. ಎಲ್ಲರಿಗಿಂತ ಗೋಡೆಗೆ ಹತ್ತಿರ ನಿಂತಿದ್ದವರು ಭಾವ. ಕಣ್ಣು ಕಲ್ಲಿನ ಮೇಲೇ ಇತ್ತು, ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಬಲಗೈಯನ್ನು ಮುಂದೆ ಚಾಚಿದ್ದರು. ಹನಿ ಇನ್ನೂ ಬೀಳುತ್ತಿದೆಯೇ, ನಿಂತಿತೇ ಎಂದು ಬಾಗಿಲಲ್ಲಿ ನಿಂತು ನೋಡುವವರ ಹಾಗೆ, ಅಂಗೈ ಮೇಲೆ ಮಾಡಿ.